ಬಿಎಂಡಬ್ಲ್ಯು ಮನೆಯ ಮಗಳು: ಆಸ್ತಿ ಹೇಗೆ ಕೈಗೆ ಬಂತು, ಗುಟ್ಟು ಎಲ್ಲಿ ಸೋರಿತು

ಪ್ರಶ್ನೆ: ಜರ್ಮನಿಯ ಬಿಎಂಡಬ್ಲ್ಯು ಕಾರು ಕಂಪನಿಯ ವಾರಸುದಾರಿಣಿ ಸುಸಾನೆ ಕ್ಲಾಟನ್ ತಮ್ಮದೇ ಕಂಪನಿಯಲ್ಲಿ ಬೇರೆ ಹೆಸರಿಟ್ಟುಕೊಂಡು ಕೆಲಸ ಮಾಡಿದ್ದರು ಎಂದು ಓದಿದೆ. ಇದು ನಿಜವೇ? ಅಷ್ಟು ದೊಡ್ಡ ಆಸ್ತಿ ಮಗಳ ಕೈಗೆ ಬರುವುದು ಹೇಗೆ, ತೆರಿಗೆಯಲ್ಲಿ ಅರ್ಧ ಹೋಗುವುದಿಲ್ಲವೇ? ಇಂಥ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ನಿಜಕ್ಕೂ ಅಧಿಕಾರ ಇರುತ್ತದೆಯೇ? ಹೊರಗಿನವರು ಅವರ ಆಸ್ತಿಯ ಲೆಕ್ಕ ತಿಳಿಯುವುದು ಸಾಧ್ಯವೇ?

ಉತ್ತರ: ನಿಜ. ರೇಗನ್ಸ್‌ಬುರ್ಗ್‌ನ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ತರಬೇತಿಗೆ ಸೇರಿದಾಗ ಅವರ ಹೆಸರು ಸುಸಾನೆ ಕಾಂಟ್. ಮನೆತನದ ಹೆಸರು ಕ್ವಾಂಟ್. ಅಲ್ಲೇ ಪರಿಚಯವಾದ ಎಂಜಿನಿಯರ್ ಯಾನ್ ಕ್ಲಾಟನ್ ಅವರಿಗೆ, ತಾನು ಒಡನಾಡುತ್ತಿರುವುದು ಕಂಪನಿಯ ಒಡೆಯರ ಮಗಳ ಜತೆ ಎಂಬುದು ಗೊತ್ತಾಗಿದ್ದು ಬಹಳ ತಡವಾಗಿ. 1990ರಲ್ಲಿ ಇಬ್ಬರೂ ಮದುವೆಯಾದರು. ಪತ್ರಿಕೆಗಳಿಗೆ ಈ ಪ್ರಸಂಗ ಪ್ರೀತಿಯ ಕಥೆಯಾಗಿ ಒದಗಿಬಂತು. ಆದರೆ ಆ ಸುಳ್ಳು ಹೆಸರಿನ ಹಿಂದಿದ್ದದ್ದು ರಸಿಕತೆಯಲ್ಲ, ಭಯ.

1971ರಲ್ಲಿ ಆಲ್ಡಿ ಅಂಗಡಿ ಸರಣಿಯ ಥಿಯೊ ಆಲ್ಬ್ರೆಷ್ಟ್ ಅವರನ್ನು ಅಪಹರಿಸಿ 70 ಲಕ್ಷ ಮಾರ್ಕ್ ವಸೂಲಿ ಮಾಡಿದರು. 1976ರ ಡಿಸೆಂಬರಿನಲ್ಲಿ ಓಟ್ಕರ್ ಮನೆತನದ ರಿಚರ್ಡ್ ಓಟ್ಕರ್ ಅಪಹರಣವಾಯಿತು, ತೆತ್ತ ಹಣ 2.1 ಕೋಟಿ ಮಾರ್ಕ್. 1977ರ ಜುಲೈಯಲ್ಲಿ ಡ್ರೆಸ್ಡ್ನರ್ ಬ್ಯಾಂಕಿನ ಮುಖ್ಯಸ್ಥ ಯುರ್ಗನ್ ಪೊಂಟೊ ಅವರನ್ನು ಓಬರ್‌ಉರ್ಜೆಲ್ ಊರಿನ ಅವರ ಮನೆಯಲ್ಲೇ ಉಗ್ರರು ಗುಂಡಿಟ್ಟು ಕೊಂದರು. ಆ ಊರು ಕ್ವಾಂಟ್ ಮನೆತನದ ನೆಲೆಯಾದ ಬಾಡ್ ಹೋಂಬುರ್ಗ್‌ಗೆ ಅಂಟಿಕೊಂಡೇ ಇದೆ. ಮರುವರ್ಷ, 1978ರಲ್ಲಿ, ಸುಸಾನೆ ಮತ್ತು ಅವರ ತಾಯಿ ಯೋಹಾನಾ ಅವರನ್ನು ಎತ್ತಿಕೊಂಡು ಹೋಗುವ ಸಂಚನ್ನು ಪೊಲೀಸರು ಮೊದಲೇ ಪತ್ತೆಹಚ್ಚಿ ತಡೆದರು. ಹುಡುಗಿಗೆ ಆಗ ಹದಿನಾರರ ಆಸುಪಾಸು. ಹನ್ನೊಂದು ವರ್ಷದ ಮೇಲೆ, 1989ರ ನವೆಂಬರ್ 30ರಂದು, ಡಾಯ್ಚ ಬ್ಯಾಂಕಿನ ಆಲ್ಫ್ರೆಡ್ ಹೆರ್‌ಹೌಸನ್ ಬಾಂಬಿಗೆ ಬಲಿಯಾದದ್ದು ಬಾಡ್ ಹೋಂಬುರ್ಗ್‌ನ ಜೇಡಾಮ್‌ವೇಗ್ ರಸ್ತೆಯಲ್ಲಿ. ಕ್ವಾಂಟ್ ಕುಟುಂಬದ ಕಚೇರಿ ಇರುವುದೂ ಅದೇ ರಸ್ತೆಯಲ್ಲಿ. ಇಷ್ಟೆಲ್ಲ ಆದ ಮೇಲೆ ಈ ಮನೆಯವರು ಕ್ಯಾಮೆರಾ ಮುಂದೆ ಯಾಕೆ ಬರುವುದಿಲ್ಲ ಎಂದು ಕೇಳಬೇಕಾಗಿಲ್ಲ.

ಭಯದಿಂದ ಹುಟ್ಟಿದ ಈ ಅಭ್ಯಾಸವನ್ನು ಕಾನೂನಿನ ಕಾಗದಪತ್ರಗಳು ಒಂದು ವ್ಯವಸ್ಥೆಯಾಗಿಯೇ ಕಟ್ಟಿಕೊಟ್ಟಿವೆ. ಷೇರುಗಳನ್ನು ಆ ವ್ಯವಸ್ಥೆ ಅಚ್ಚುಕಟ್ಟಾಗಿ ಕಾಯುತ್ತದೆ, ಷೇರಿನ ಒಡತಿಯನ್ನು ಅಷ್ಟು ಚೆನ್ನಾಗಿ ಕಾಯುವುದಿಲ್ಲ.

ಮೊದಲು ಮೂಲ. ಗ್ಯುಂಟರ್ ಕ್ವಾಂಟ್ (1881–1954) ಬ್ರಾಂಡನ್‌ಬುರ್ಗ್‌ನ ಪ್ರಿಟ್ಸ್‌ವಾಕ್ ಊರಿನ ಬಟ್ಟೆ ಗಿರಣಿಯವರು. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸಮವಸ್ತ್ರ ಪೂರೈಸಿ ಬೆಳೆದರು, ಆಮೇಲೆ ಬ್ಯಾಟರಿ ಕಂಪನಿ ಎಎಫ್‌ಎ ಅವರ ಕೈಗೆ ಬಂತು. ಮುಂದೆ ಅದೇ ವಾರ್ಟಾ. ಮಗ ಹೆರ್ಬರ್ಟ್ (1910–1982) ಬಾಲ್ಯದಿಂದಲೇ ಹೆಚ್ಚುಕಡಿಮೆ ಕುರುಡರು. 1959ರ ಡಿಸೆಂಬರ್ 9ರ ಷೇರುದಾರರ ಸಭೆಯಲ್ಲಿ, ಮುಳುಗುತ್ತಿದ್ದ ಬಿಎಂಡಬ್ಲ್ಯುವನ್ನು ಡೈಮ್ಲರ್-ಬೆಂಜ್ ತೆಕ್ಕೆಗೆ ಹಾಕುವ ಪ್ರಸ್ತಾಪ ಸಣ್ಣ ಷೇರುದಾರರ ಪ್ರತಿಭಟನೆಯಿಂದ ಬಿದ್ದುಹೋಯಿತು. ಆ ಬಳಿಕ ಹೆರ್ಬರ್ಟ್ ತಮ್ಮ ಪಾಲನ್ನು ಹೆಚ್ಚಿಸಿಕೊಂಡು ಕಂಪನಿಯನ್ನು ಎತ್ತಿ ನಿಲ್ಲಿಸಿದರು. ಅವರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಯೋಹಾನಾ ಅವರ ಮೂರನೆಯ ಹೆಂಡತಿ. ಸುಸಾನೆ (1962) ಮತ್ತು ಷ್ಟೆಫಾನ್ (1966) ಆ ಮದುವೆಯ ಮಕ್ಕಳು.

ಮೂರು ಮದುವೆ, ಆರು ಮಕ್ಕಳು. ಪಾಲಿನ ಜಗಳಕ್ಕೆ ಇದಕ್ಕಿಂತ ಹದವಾದ ನೆಲ ಇನ್ನೊಂದಿಲ್ಲ. ಹೆರ್ಬರ್ಟ್ ಮಾಡಿದ ಜಾಣತನವೆಂದರೆ ಎಲ್ಲರಿಗೂ ಎಲ್ಲದರಲ್ಲೂ ಪಾಲು ಕೊಡದೆ ಕವಲಿಗೊಂದು ಕಂಪನಿ ಎಂದು ಬೇರ್ಪಡಿಸಿದ್ದು. ಅದಕ್ಕಾಗಿಯೇ 1977ರಲ್ಲಿ ವಾರ್ಟಾವನ್ನು ಮೂರು ಹೋಳು ಮಾಡಿದರು. ಬ್ಯಾಟರಿ ಕಂಪನಿ ಎರಡನೆಯ ಮದುವೆಯ ಮಕ್ಕಳಿಗೆ ಹೋಯಿತು. ಔಷಧ ಮತ್ತು ರಾಸಾಯನಿಕದ ಆಲ್ಟಾನಾದಲ್ಲಿ ಸುಸಾನೆಗೆ ಶೇ. 50.1 ಬಂತು. ಬಿಎಂಡಬ್ಲ್ಯು ಪಾಲನ್ನು ಮಾತ್ರ ಕೊನೆಯ ಕುಟುಂಬಕ್ಕೆ ಇಟ್ಟರು: ಯೋಹಾನಾಗೆ ಸುಮಾರು ಶೇ. 16.7, ಷ್ಟೆಫಾನ್‌ಗೆ 17.4, ಸುಸಾನೆಗೆ 12.5. ಆ 50.1ರಲ್ಲಿರುವ ದಶಾಂಶ ಒಂದನ್ನು ಗಮನಿಸಿ. ಸರಿಯಾಗಿ ಅರ್ಧ ಇದ್ದರೆ ಉಳಿದವರೆಲ್ಲ ಒಟ್ಟಾಗಿ ತಡೆಯೊಡ್ಡಬಹುದು. ದಶಾಂಶ ಒಂದು ಹೆಚ್ಚಾದರೆ ಸಾಧಾರಣ ನಿರ್ಣಯ ಯಾವುದನ್ನೂ ಒಬ್ಬರೇ ಪಾಸು ಮಾಡಿಸಬಹುದು.

ಜರ್ಮನ್ ಕಾನೂನಿನಲ್ಲಿ ಮಗುವನ್ನು ಉಯಿಲಿನಿಂದ ಪೂರ್ತಿ ಕೈಬಿಡುವುದು ಬಹಳ ಕಷ್ಟ. ಉಯಿಲು ಇಲ್ಲದಿದ್ದರೆ ಎಷ್ಟು ಬರುತ್ತಿತ್ತೋ ಅದರ ಅರ್ಧ ಕಡ್ಡಾಯ ಪಾಲು, ಅದೂ ನಗದಾಗಿ. ಅಂದರೆ ಮುನಿಸಿಕೊಂಡ ಒಬ್ಬ ಮಗ ಕೋರ್ಟಿಗೆ ಹೋದರೆ, ಅವನಿಗೆ ನಗದು ಹೊಂದಿಸಲು ಉಳಿದವರು ಷೇರು ಮಾರಬೇಕಾದೀತು. ಇದನ್ನು ತಪ್ಪಿಸಲು ತಂದೆ-ತಾಯಿ ಬದುಕಿರುವಾಗಲೇ ನೋಟರಿ ಮುಂದೆ ಮಕ್ಕಳಿಂದ ಹಕ್ಕು ಬಿಡುಗಡೆ ಬರೆಸಿಕೊಂಡು ಬದಲಿಗೆ ಬೇರೆ ಆಸ್ತಿ ಕೊಡುತ್ತಾರೆ. ದಾನ ಕೊಟ್ಟು ಕೈತೊಳೆದುಕೊಂಡರೂ ಹತ್ತು ವರ್ಷದವರೆಗೆ ಅದು ಕಡ್ಡಾಯ ಪಾಲಿನ ಲೆಕ್ಕಕ್ಕೆ ಬರುತ್ತದೆ, ವರ್ಷಕ್ಕೆ ಹತ್ತನೆಯ ಒಂದರಷ್ಟು ಕರಗುತ್ತಾ. ಬಹಳ ಮಂದಿ ಎಡವುವುದು ಇಲ್ಲೇ: ಆಸ್ತಿ ದಾನ ಮಾಡಿ ಅದರ ಉತ್ಪನ್ನವನ್ನೆಲ್ಲ ತಾವೇ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಿದರೆ ಆ ಹತ್ತು ವರ್ಷದ ಗಡಿಯಾರ ಶುರುವಾಗುವುದೇ ಇಲ್ಲ.

ಈಗ ತಾಯಿಯ ಪಾಲು. ಯೋಹಾನಾ ತೀರಿಕೊಂಡಿದ್ದು 2015ರ ಆಗಸ್ಟಿನಲ್ಲಿ. ಆದರೆ ಅವರ ಆಸ್ತಿ ಮಕ್ಕಳಿಗೆ ಹೋಗಿದ್ದು ಅದಕ್ಕೂ ಮೊದಲು, 2003ರಿಂದ 2008ರ ನಡುವೆ ಕಂತುಕಂತಾಗಿ. ಅದಕ್ಕೆ ಬಳಸಿದ್ದು ಪಾಲುದಾರಿಕೆ ಸಂಸ್ಥೆಯ ಮಾದರಿ. ಬಿಎಂಡಬ್ಲ್ಯು ಷೇರುಗಳನ್ನೆಲ್ಲ ಒಂದು ಪಾಲುದಾರಿಕೆ ಸಂಸ್ಥೆಗೆ ವರ್ಗಾಯಿಸಬೇಕು. ಆ ಸಂಸ್ಥೆಯ ಬಂಡವಾಳದ ಪಾಲನ್ನು ಸ್ವಲ್ಪಸ್ವಲ್ಪವಾಗಿ ಮಕ್ಕಳಿಗೆ ದಾನವಾಗಿ ಬರೆಯಬೇಕು. ನಿರ್ವಹಣೆಯ ಹಕ್ಕು ಮಾತ್ರ ತಾಯಿಯ ಹಿಡಿತದಲ್ಲೇ ಉಳಿಯಬೇಕು. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ, ಸಭೆಯಲ್ಲಿ ಕೈ ಎತ್ತುವವರು ತಾಯಿಯೇ. ಒಳಗೆ ಮಾತ್ರ ಹಣದ ಒಡೆತನ ಆಗಲೇ ಮಕ್ಕಳದಾಗಿರುತ್ತದೆ. ತಾಯಿ ತೀರಿಕೊಂಡ ಮೇಲೆ ಮತದ ಹಕ್ಕು ಮಕ್ಕಳಿಗೆ ಬಂದಾಗಷ್ಟೇ ಷೇರುಪೇಟೆಗೆ ಅಧಿಕೃತ ಪ್ರಕಟಣೆ ಹೋಯಿತು. 16.7ನ್ನು ಎರಡಾಗಿ ಹಂಚಿದರೆ ತಲಾ 8.35. ಸುಸಾನೆ ಸುಮಾರು ಶೇ. 20.9ಕ್ಕೆ ಏರಿದರು, ಷ್ಟೆಫಾನ್ ಸುಮಾರು 25.8ಕ್ಕೆ. ಜರ್ಮನಿಯ ಷೇರು ಕಂಪನಿಯಲ್ಲಿ ನಿಯಮಾವಳಿ ತಿದ್ದುವಂಥ ದೊಡ್ಡ ನಿರ್ಣಯಗಳಿಗೆ ಶೇ. 75 ಬೇಕು. ಹಾಗಾಗಿ 25 ದಾಟಿದ ತಮ್ಮ ಒಬ್ಬರೇ ಅವುಗಳನ್ನು ತಡೆಯಬಲ್ಲರು, ಅಕ್ಕನಿಗೆ ಒಬ್ಬರಿಂದಲೇ ಅದು ಖಾತರಿಯಿಲ್ಲ. ತಂದೆ 1982ರಲ್ಲಿ ಬಿಟ್ಟುಹೋದ ಆ ಐದು ಅಂಶದ ಅಂತರ ಮೂವತ್ಮೂರು ವರ್ಷದ ಮೇಲೂ ಹಾಗೇ ಉಳಿಯಿತು. ಮಗ, ಮಗಳು ಎಂಬ ಭೇದ ಅಲ್ಲಿಯೂ ಇತ್ತೆಂದೇ ನನ್ನ ಅನಿಸಿಕೆ.

ತೆರಿಗೆಯ ವಿಷಯ. ನಮ್ಮಲ್ಲಿ 1985ರಲ್ಲೇ ಎಸ್ಟೇಟ್ ಡ್ಯೂಟಿ ರದ್ದಾದ್ದರಿಂದ ಪಿತ್ರಾರ್ಜಿತಕ್ಕೆ ತೆರಿಗೆ ಎಂದರೆ ಓದುಗರಿಗೆ ವಿಚಿತ್ರ ಅನಿಸಬಹುದು. ಜರ್ಮನಿಯಲ್ಲಿ ಒಬ್ಬ ಪೋಷಕರಿಂದ ಒಂದು ಮಗುವಿಗೆ 4 ಲಕ್ಷ ಯೂರೊವರೆಗೆ ತೆರಿಗೆ ಇಲ್ಲ, ಹತ್ತು ವರ್ಷಕ್ಕೊಮ್ಮೆ ಈ ವಿನಾಯಿತಿ ಹೊಸದಾಗಿ ಸಿಗುತ್ತದೆ. ಅದರ ಮೇಲೆ ಶೇ. 7ರಿಂದ ಶುರುವಾಗಿ, 2.6 ಕೋಟಿ ಯೂರೊ ದಾಟಿದರೆ ಶೇ. 30. ನೀವು ಊಹಿಸಿದ ಅರ್ಧ ಕಾಗದದ ಮೇಲೂ ಇಲ್ಲ. ವ್ಯವಹಾರದ ಆಸ್ತಿಯಾದರೆ ಇನ್ನೂ ಕಡಿಮೆ: ಶೇ. 85 ಅಥವಾ ಪೂರ್ತಿ ಶೇ. 100 ವಿನಾಯಿತಿ ಆಯ್ದುಕೊಳ್ಳಬಹುದು. ಷರತ್ತು ಇದೆ. 85ಕ್ಕೆ ಐದು ವರ್ಷ, 100ಕ್ಕೆ ಏಳು ವರ್ಷ ಕಂಪನಿಯನ್ನು ಮಾರಬಾರದು. ಆ ಏಳು ವರ್ಷದಲ್ಲಿ ಕೊಟ್ಟ ಸಂಬಳದ ಮೊತ್ತ ಮೊದಲಿನ ವಾರ್ಷಿಕ ಸಂಬಳದ ಏಳು ಪಟ್ಟಿಗಿಂತ ಕಡಿಮೆಯಾಗಬಾರದು. ನಡುವೆ ಮಾರಿದರೆ ಅಥವಾ ಕೆಲಸಗಾರರನ್ನು ಕಡಿತ ಮಾಡಿದರೆ ಬಿಟ್ಟುಕೊಟ್ಟ ತೆರಿಗೆಯಲ್ಲಿ ಅಷ್ಟು ಭಾಗ ವಾಪಸ್ ಕಟ್ಟಬೇಕು.

ಷೇರು ಕಂಪನಿಯಾದರೆ ಈ ವಿನಾಯಿತಿಗೆ ಕೊಡುವವರ ಪಾಲು ಶೇ. 25ಕ್ಕಿಂತ ಹೆಚ್ಚಿರಬೇಕು. ಇಲ್ಲದವರು ಮನೆಯವರ ಜತೆ ಸೇರಿ, ಒಟ್ಟಾಗಿಯೇ ಮತ ಹಾಕುತ್ತೇವೆ, ಹೊರಗೆ ಮಾರುವುದಿಲ್ಲ ಎಂಬ ಒಪ್ಪಂದ ಮಾಡಿಕೊಂಡು ಲೆಕ್ಕ ಕೂಡಿಸುತ್ತಾರೆ. ಆದರೆ ಪೇಟೆಯಲ್ಲಿ ನೋಂದಾಯಿತ ಕಂಪನಿಯಲ್ಲಿ ಹಾಗೆ ಹೊಸದಾಗಿ ಕೂಡಿಸಿ ಶೇ. 30 ದಾಟಿದರೆ ಉಳಿದ ಷೇರುದಾರರೆಲ್ಲರಿಗೂ ಖರೀದಿ ಪ್ರಸ್ತಾಪ ಕೊಡಬೇಕಾದ ಅಪಾಯ ಇದೆ. ತೆರಿಗೆ ಸಲಹೆಗಾರ ಒಂದು ಹೇಳಿದರೆ ಷೇರು ಕಾನೂನಿನ ವಕೀಲ ಇನ್ನೊಂದು ಹೇಳುತ್ತಾನೆ. ಇಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸದೆ ಸಹಿ ಹಾಕಿದ ಕುಟುಂಬಗಳೇ ಹೆಚ್ಚು ಪೆಟ್ಟು ತಿಂದಿರುವುದು.

2016ರ ತಿದ್ದುಪಡಿ ದೊಡ್ಡವರ ಮೇಲೆ ಬಿಗಿ ತರಲು ಹೊರಟಿತು. 2.6 ಕೋಟಿ ಮೀರಿದರೆ ವಿನಾಯಿತಿ ಕರಗುತ್ತದೆ, 9 ಕೋಟಿ ಯೂರೊ ದಾಟಿದರೆ ಸಿಗುವುದೇ ಇಲ್ಲ. ಆದರೆ ಒಂದು ಕಿಂಡಿ ಉಳಿಯಿತು. ತೆರಿಗೆ ಕಟ್ಟಲು ಶಕ್ತಿ ಇದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬಹುದು: ವಾರಸುದಾರರು ತಮ್ಮ ಕೈಯಲ್ಲಿರುವ ಖಾಸಗಿ ಆಸ್ತಿಯ ಅರ್ಧದಷ್ಟನ್ನು ತೆರಿಗೆಗೆ ಕೊಡಬೇಕು, ಅದಕ್ಕೂ ಮೀರಿದ್ದನ್ನು ಮನ್ನಾ ಮಾಡುತ್ತಾರೆ. ಹಾಗಾದರೆ ಕೈಯಲ್ಲಿ ಏನೂ ಇಲ್ಲದ ಚಿಕ್ಕ ಮಗುವಿಗೆ ಅಥವಾ ನಿನ್ನೆ ಹುಟ್ಟಿದ ಟ್ರಸ್ಟಿಗೆ ಕೋಟಿಗಟ್ಟಲೆ ಷೇರು ಬರೆದರೆ? ತೆರಿಗೆ ಹೆಚ್ಚುಕಡಿಮೆ ಸೊನ್ನೆ. ಮುಂದಿನ ಹತ್ತು ವರ್ಷದಲ್ಲಿ ಆ ಮಗುವಿಗೆ ಅಜ್ಜಿ ಒಂದು ಮನೆ ಬರೆದಿಟ್ಟರೂ ಲೆಕ್ಕ ಮತ್ತೆ ತೆರೆಯುತ್ತದೆ, ಅಷ್ಟೇ. ಜರ್ಮನಿಯಲ್ಲಿ ಈ ಕಿಂಡಿಯ ಬಗ್ಗೆ ಇಂದಿಗೂ ಗಲಾಟೆ ಇದೆ, ಇರಬೇಕಾದ್ದೇ.

ಮದುವೆಯಲ್ಲೂ ಕಾಗದಪತ್ರ ಬೇಕು. ಪ್ರತ್ಯೇಕ ಒಪ್ಪಂದ ಇಲ್ಲದಿದ್ದರೆ, ಮದುವೆಯ ಅವಧಿಯಲ್ಲಿ ಇಬ್ಬರ ಆಸ್ತಿ ಎಷ್ಟು ಬೆಳೆಯಿತೋ ಅದನ್ನು ವಿಚ್ಛೇದನದಲ್ಲಿ ಸರಿದೂಗಿಸಬೇಕು. ತವರಿನಿಂದ ಬಂದ ಆಸ್ತಿಗೆ ಇದು ಅನ್ವಯಿಸುವುದಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಅರ್ಧ ಸರಿ. ಆ ಆಸ್ತಿಯ ಮೂಲ ಬೆಲೆಗೆ ಅನ್ವಯಿಸುವುದಿಲ್ಲ, ಬೆಲೆ ಏರಿದ್ದಕ್ಕೆ ಅನ್ವಯಿಸುತ್ತದೆ. ನೂರು ಕೋಟಿಯ ಷೇರು ಮುನ್ನೂರಾದರೆ, ಇನ್ನೂರರ ಅರ್ಧ ಸಂಗಾತಿಯದು. ಅದಕ್ಕೇ ವ್ಯವಹಾರದ ಆಸ್ತಿಯನ್ನು ಮಾತ್ರ ಹೊರಗಿಟ್ಟು ನೋಟರಿ ಎದುರು ಒಪ್ಪಂದ ಬರೆಸುತ್ತಾರೆ. ಅನೇಕ ಕುಟುಂಬ ಸಂಸ್ಥೆಗಳ ನಿಯಮಾವಳಿಯಲ್ಲೇ ಇದು ಕಡ್ಡಾಯ. ಮದುವೆಗೆ ನಾಲ್ಕು ದಿನ ಇದ್ದಾಗ ಮುಂದಿಟ್ಟು ಸಹಿ ಹಾಕಿಸಿಕೊಂಡ, ಒಬ್ಬರಿಗೇ ಅನುಕೂಲವಾದ ಒಪ್ಪಂದವನ್ನು ಕೋರ್ಟು ರದ್ದು ಮಾಡಬಲ್ಲದು.

ಅಧಿಕಾರದ ಪ್ರಶ್ನೆಗೆ ಬರೋಣ. ಸುಸಾನೆ ಮತ್ತು ಷ್ಟೆಫಾನ್ 1997ರಲ್ಲಿ ಬಿಎಂಡಬ್ಲ್ಯು ಮೇಲ್ವಿಚಾರಣಾ ಮಂಡಳಿಗೆ ಬಂದರು. ಆ ಮಂಡಳಿಯಲ್ಲಿ 20 ಜನ: ಹತ್ತು ಜನ ಷೇರುದಾರರ ಕಡೆಯವರು, ಹತ್ತು ಜನ ನೌಕರರ ಕಡೆಯವರು. ಹೀಗಿರಬೇಕೆಂದು 1976ರ ಕಾನೂನೇ ಹೇಳುತ್ತದೆ. ಲೆಕ್ಕಕ್ಕೆ ಒಬ್ಬೊಬ್ಬರದು ಇಪ್ಪತ್ತರಲ್ಲಿ ಒಂದು ಮತ. ಕಾರಿನ ಮುಂಭಾಗ ಹೇಗಿರಬೇಕು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅವರ ಶಕ್ತಿ ಇರುವುದು ಯಾರನ್ನು ಮುಖ್ಯಸ್ಥನನ್ನಾಗಿ ಇಡಬೇಕು, ಯಾರನ್ನು ತೆಗೆಯಬೇಕು ಎಂಬಲ್ಲಿ. ಬ್ರಿಟನ್ನಿನ ರೋವರ್ ಕಂಪನಿಯನ್ನು 1994ರಲ್ಲಿ ಕೊಂಡು ಬಿಎಂಡಬ್ಲ್ಯು ಕೈಸುಟ್ಟುಕೊಂಡಾಗ, 1999ರ ಫೆಬ್ರುವರಿಯ ಒಂದೇ ಸಭೆಯಲ್ಲಿ ಮುಖ್ಯಸ್ಥ ಬೆರ್ನ್ಡ್ ಪಿಷೆಟ್ಸ್‌ರೀಡರ್ ಮತ್ತು ಅವರ ಉತ್ತರಾಧಿಕಾರಿಯಾಗುವ ನಿರೀಕ್ಷೆಯಿದ್ದ ವೋಲ್ಫ್‌ಗಾಂಗ್ ರೈಟ್ಸ್‌ಲೆ ಇಬ್ಬರೂ ಹೊರಬಿದ್ದರು. ಜತೆಗೆ, ವಾರ್ಷಿಕ ಸಭೆಗೆ ಎಲ್ಲ ಷೇರುದಾರರೂ ಬರುವುದಿಲ್ಲ. ಅಕ್ಕ-ತಮ್ಮನ ಸುಮಾರು ಶೇ. 47 ಅಲ್ಲಿ ಸುಲಭವಾಗಿ ಬಹುಮತವಾಗುತ್ತದೆ.

ಆಲ್ಟಾನಾದಲ್ಲಿ ಕಥೆಯೇ ಬೇರೆ, ಅಲ್ಲಿ ಸುಸಾನೆ ಅವರೇ ಯಜಮಾನರು. ಅದರ ಔಷಧ ವಿಭಾಗವನ್ನು ಸುಮಾರು 450 ಕೋಟಿ ಯೂರೊಗೆ ನೈಕೊಮೆಡ್ ಕಂಪನಿಗೆ ಮಾರಿ, ಬಂದ ಹಣವನ್ನು 2007ರಲ್ಲಿ ಷೇರುದಾರರಿಗೆ ಹಂಚಿದರು. ಅರ್ಧಕ್ಕಿಂತ ತುಸು ಹೆಚ್ಚು ಅವರಿಗೇ ಬಂತು. ಷೇರುಪೇಟೆ ಕುಸಿದಿದ್ದ 2008ರ ಕೊನೆಯಲ್ಲಿ ಉಳಿದ ರಾಸಾಯನಿಕ ಕಂಪನಿಯ ಷೇರುಗಳನ್ನೆಲ್ಲ ಕೊಳ್ಳಲು ಮುಂದಾದರು, ಶೇ. 95 ದಾಟಿದ ಮೇಲೆ ಉಳಿದ ಸಣ್ಣಪುಟ್ಟ ಷೇರುದಾರರನ್ನು ಕಾನೂನು ಪ್ರಕಾರ ಹಣ ಕೊಟ್ಟು ಹೊರಗೆ ಕಳಿಸಿ 2010ರಲ್ಲಿ ಒಬ್ಬರೇ ಒಡತಿಯಾದರು. ಮಾರಿದ ಸಮಯ, ಕೊಂಡ ಸಮಯ ಎರಡನ್ನೂ ನೋಡಿದರೆ, ಅಪ್ಪ ಕೊಟ್ಟದ್ದನ್ನು ಕುಳಿತು ಉಣ್ಣುವ ಮಗಳು ಎಂಬ ಮಾತು ಇವರಿಗೆ ಒಪ್ಪುವುದಿಲ್ಲ.

ಆದಾಯದ ಅಂದಾಜು ಬೇಕಿದ್ದರೆ ಹೀಗೆ ಹಾಕಿ. 2015ರಲ್ಲಿ ಬಿಎಂಡಬ್ಲ್ಯುನ ಸಾಧಾರಣ ಷೇರು ಸುಮಾರು 60.2 ಕೋಟಿ ಇತ್ತು. ಅದರ ಶೇ. 20.9 ಎಂದರೆ ಸುಮಾರು 12.6 ಕೋಟಿ ಷೇರು. 2023ರಲ್ಲಿ ಷೇರಿಗೆ 8.50 ಯೂರೊ ಲಾಭಾಂಶ ಬಂತು: ಒಟ್ಟು 107 ಕೋಟಿ ಯೂರೊ. ಕೊರೋನಾ ವರ್ಷ 2020ರಲ್ಲಿ ಷೇರಿಗೆ 2.50, ಅಂದರೆ ಸುಮಾರು 31 ಕೋಟಿ. ಇದು ನೇರ ವ್ಯಕ್ತಿಯ ಖಾತೆಗೆ ಬಂದರೆ ಶೇ. 26.375 ತೆರಿಗೆ. ಷೇರು ಇರುವುದು ಅವರ ಹೂಡಿಕೆ ಕಂಪನಿಯ ಹೆಸರಿನಲ್ಲಿ. ಕಂಪನಿ ಇನ್ನೊಂದು ಕಂಪನಿಯಲ್ಲಿ ದೊಡ್ಡ ಪಾಲು ಹೊಂದಿದ್ದರೆ ಬಂದ ಲಾಭಾಂಶದ ಶೇ. 95ಕ್ಕೆ ತೆರಿಗೆ ಇಲ್ಲ. ಉಳಿದ ಐದಕ್ಕೆ ಕಟ್ಟಿದರೆ ಒಟ್ಟು ಹೊರೆ ಶೇ. ಒಂದೂವರೆಯ ಆಸುಪಾಸು. ಆ ಹಣವನ್ನು ಕಂಪನಿಯೊಳಗೇ ಇಟ್ಟು ಬೇರೆ ಉದ್ಯಮದಲ್ಲಿ ಹೂಡಬಹುದು, ಅವರ ಸ್ಕಿಯಾನ್ ಸಂಸ್ಥೆ ಮಾಡುವುದು ಅದನ್ನೇ. ಮನೆಖರ್ಚಿಗೆ ತೆಗೆದಾಗ ಮಾತ್ರ ಪೂರ್ತಿ ತೆರಿಗೆ ಬೀಳುತ್ತದೆ.

ಇಷ್ಟೊಂದು ಬೇಲಿಯ ನಡುವೆಯೂ ಕನ್ನ ಬಿದ್ದದ್ದು 2007ರಲ್ಲಿ. ಆಸ್ಟ್ರಿಯಾದ ಇನ್ಸ್‌ಬ್ರುಕ್ ಬಳಿಯ ಒಂದು ಆರೋಗ್ಯಧಾಮದಲ್ಲಿ ಹೆಲ್ಗ್ ಸ್ಗಾರ್ಬಿ ಎಂಬ ಸ್ವಿಸ್ ವಂಚಕ ಸುಸಾನೆ ಅವರ ಸ್ನೇಹ ಸಂಪಾದಿಸಿದ. ಅಮೆರಿಕದಲ್ಲಿ ತನ್ನ ಕಾರಿಗೆ ಮಾಫಿಯಾ ಮನೆಯ ಮಗು ಸಿಕ್ಕಿದೆ, ಪರಿಹಾರ ಕೊಡದಿದ್ದರೆ ಜೀವ ಹೋಗುತ್ತದೆ ಎಂದು ಕಥೆ ಕಟ್ಟಿದ. ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನ ಒಂದು ಹೋಟೆಲಿನ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ 70 ಲಕ್ಷ ಯೂರೊ ನಗದು ರಟ್ಟಿನ ಪೆಟ್ಟಿಗೆಯಲ್ಲಿ ಕೈಬದಲಾಯಿತು. ಆಮೇಲೆ, ಮನೆ ಬಿಟ್ಟು ಬಾ, ನಮ್ಮ ಭವಿಷ್ಯಕ್ಕೆ 29 ಕೋಟಿ ತೆಗೆದಿಡು ಎಂದ. ಅವರು ಸಂಬಂಧ ಕಡಿದುಕೊಂಡರು. ಆಗ ಗುಟ್ಟಾಗಿ ತೆಗೆದ ವಿಡಿಯೊ ಇದೆ ಎಂದು ಬೆದರಿಸಿ 4.9 ಕೋಟಿ ಕೇಳಿದ, ಬಳಿಕ 1.4 ಕೋಟಿಗೆ ಇಳಿದ. ಇಂಥವರ ಲೆಕ್ಕಾಚಾರ ಸರಳ: ಹೆಸರು ಹೊರಬರುವುದಕ್ಕೆ ಹೆದರುವ ಮನೆತನ ದುಡ್ಡು ಕೊಟ್ಟೇ ಮುಗಿಸುತ್ತದೆ. ಗುಟ್ಟೇ ಅಲ್ಲಿ ಅಡವಿನ ವಸ್ತು. ಅವರು ಗಂಡನಿಗೆ ಹೇಳಿ, ಪೊಲೀಸರ ಬಳಿ ಹೋದರು. 2008ರ ಜನವರಿ 14ರಂದು ಆತ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದ, 2009ರ ಮಾರ್ಚ್ 9ರಂದು ಮ್ಯೂನಿಕ್ ಕೋರ್ಟು ಆರು ವರ್ಷ ಶಿಕ್ಷೆ ಕೊಟ್ಟಿತು. ಆತ ತಪ್ಪೊಪ್ಪಿಕೊಂಡಿದ್ದರಿಂದ ಸುಸಾನೆ ಸಾಕ್ಷಿ ಕಟಕಟೆ ಹತ್ತಬೇಕಾಗಲಿಲ್ಲ. ಹೆಸರು ಜಗತ್ತಿಗೆಲ್ಲ ಗೊತ್ತಾಯಿತು, ಷೇರುಗಳಿಗೆ ಏನೂ ಆಗಲಿಲ್ಲ. ಬೆದರಿಕೆಯ ಬಲ ಮುರಿದದ್ದು ಅವರೇ ಬಾಯಿ ಬಿಟ್ಟಾಗ.

ಹಣ ಕೈಬದಲಾದ ಅದೇ 2007ರ ಸೆಪ್ಟೆಂಬರ್ 30ರ ರಾತ್ರಿ ಎಆರ್‌ಡಿ ವಾಹಿನಿ ಮೊದಲೇ ಪ್ರಕಟಿಸದ ಒಂದು ಸಾಕ್ಷ್ಯಚಿತ್ರ ಹಾಕಿತು. ಹಿಟ್ಲರ್ ಕಾಲದಲ್ಲಿ ಹ್ಯಾನೋವರ್‌ನ ಎಎಫ್‌ಎ ಬ್ಯಾಟರಿ ಕಾರ್ಖಾನೆಗೆ ತಾಗಿಕೊಂಡೇ ನಾಜಿ ಸೆರೆಶಿಬಿರ ಇತ್ತು, ಅಲ್ಲಿನ ಸೆರೆಯಾಳುಗಳನ್ನು ಸೀಸದ ವಿಷದ ನಡುವೆ ದುಡಿಸಲಾಗಿತ್ತು ಎಂಬುದು ಅದರ ವಸ್ತು. ಕುಟುಂಬ ದಶಕಗಳಿಂದ ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಕೆಲವೇ ದಿನಗಳಲ್ಲಿ ಮನೆಯವರು ಇತಿಹಾಸಕಾರ ಯೋವಾಖಿಮ್ ಷೋಲ್ಟಿಸೆಕ್ ಅವರಿಗೆ ಅಧ್ಯಯನ ಒಪ್ಪಿಸುವ ದಾರಿ ಹಿಡಿದರು. 2011ರಲ್ಲಿ ಹೊರಬಂದ ಸಾವಿರಕ್ಕೂ ಹೆಚ್ಚು ಪುಟಗಳ ಆ ವರದಿ, ಗ್ಯುಂಟರ್ ಆ ಆಡಳಿತದ ಭಾಗವೇ ಆಗಿದ್ದರು, ಹೆರ್ಬರ್ಟ್‌ಗೂ ಬಲವಂತದ ದುಡಿಮೆಯ ವಿಷಯ ತಿಳಿದಿತ್ತು ಎಂದು ಹೇಳಿತು. ಐವತ್ತು ವರ್ಷ ತಡವಾಗಿ ಬಂದ ಕೆಲಸ ಅದು. ಮೊಮ್ಮಕ್ಕಳು ಸ್ವತಃ ಶುರು ಮಾಡಿದ್ದರೆ ಟಿವಿಯವರು ಮುಖಕ್ಕೆ ಹಿಡಿಯುವ ಸಂದರ್ಭ ಬರುತ್ತಿರಲಿಲ್ಲ.

ಇನ್ನೊಂದು ಬಿರುಕು ಮುಪ್ಪಿನಲ್ಲಿ ಬರುತ್ತದೆ. ಅದಕ್ಕೆ ಫ್ರಾನ್ಸಿನ ಲೊರೆಯಾಲ್ ಒಡತಿ ಲಿಲಿಯಾನ್ ಬೆತೆನ್‌ಕೂರ್ ಪ್ರಕರಣ ನೋಡಿ. ಅವರು ಛಾಯಾಗ್ರಾಹಕ ಮಿತ್ರನೊಬ್ಬನಿಗೆ ಕೋಟ್ಯಂತರ ಯೂರೊ ಬೆಲೆಯ ಉಡುಗೊರೆ ಕೊಡುತ್ತಿದ್ದುದಕ್ಕೆ ಮಗಳೇ 2007ರಲ್ಲಿ ದೂರು ಕೊಟ್ಟರು. ಮನೆಯ ಬಟ್ಲರ್ ಗುಟ್ಟಾಗಿ ಮಾಡಿದ ಧ್ವನಿಮುದ್ರಣ 2010ರಲ್ಲಿ ಪತ್ರಿಕೆಗೆ ಸಿಕ್ಕಿ ಸರ್ಕಾರವೇ ಅಲುಗಾಡಿತು. 2011ರಲ್ಲಿ ಕೋರ್ಟು ಅವರನ್ನು ಕುಟುಂಬದ ಪಾಲಕತ್ವಕ್ಕೆ ಒಪ್ಪಿಸಿತು. ಬುದ್ಧಿ ಚುರುಕಾಗಿರುವಾಗಲೇ ಯಾರು ಸಹಿ ಹಾಕಬೇಕು, ಎಷ್ಟು ಮೊತ್ತಕ್ಕೆ ಎರಡನೆಯ ಸಹಿ ಬೇಕು ಎಂದು ಮುಖ್ತಿಯಾರು ಪತ್ರದಲ್ಲಿ ಬರೆದಿಡದ ಮನೆಗಳಲ್ಲಿ ಈ ಗತಿ.

ಕೊನೆಯ ಪ್ರಶ್ನೆ, ಹೊರಗಿನವರು ತಿಳಿಯುವ ದಾರಿ. ಜರ್ಮನಿಯ ಷೇರುಪೇಟೆ ಕಂಪನಿಯಲ್ಲಿ ಯಾರ ಮತದ ಪಾಲಾದರೂ ಶೇ. 3, 5, 10, 15, 20, 25, 30, 50, 75 ಈ ಗೆರೆಗಳಲ್ಲಿ ಒಂದನ್ನು ದಾಟಿದರೆ ಪ್ರಕಟಿಸಲೇಬೇಕು, ಅದು ಮಾರುಕಟ್ಟೆ ನಿಯಂತ್ರಕರ ಜಾಲತಾಣದಲ್ಲಿ ಸಿಗುತ್ತದೆ. ಗೆರೆಗಳ ನಡುವೆ ಆಗುವ ಏರಿಳಿತ ಕಾಣುವುದಿಲ್ಲ. ಖಾಸಗಿ ಹೂಡಿಕೆ ಕಂಪನಿಗಳ ವಾರ್ಷಿಕ ಲೆಕ್ಕ ಸರ್ಕಾರಿ ಪ್ರಕಟಣಾ ತಾಣದಲ್ಲಿದೆ. ಸಣ್ಣ ಕಂಪನಿಯಾದರೆ ಬರೀ ಆಸ್ತಿ-ಹೊಣೆಯ ಪಟ್ಟಿ, ಲಾಭನಷ್ಟದ ವಿವರ ಇರುವುದಿಲ್ಲ. ಕಂಪನಿಯ ನಿಜವಾದ ಒಡೆಯರು ಯಾರು ಎಂಬ ನೋಂದಣಿ 2020ರಿಂದ ಎಲ್ಲರಿಗೂ ತೆರೆದಿತ್ತು, 2022ರ ನವೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಖಾಸಗಿತನದ ಹೆಸರಿನಲ್ಲಿ ಅದನ್ನು ಮುಚ್ಚಿಸಿತು. ಈಗ ತಕ್ಕ ಕಾರಣ ತೋರಿಸಿದವರಿಗಷ್ಟೇ ಪ್ರವೇಶ. ಜಮೀನಿನ ದಾಖಲೆಗೂ ಹಾಗೆಯೇ, ನಮ್ಮ ಪಹಣಿಯಂತೆ ಯಾರು ಬೇಕಾದರೂ ತೆಗೆದು ನೋಡುವಂತಿಲ್ಲ. ಜೀವಭಯ ಇದೆ ಎಂದು ಅರ್ಜಿ ಹಾಕಿದರೆ ಮನೆ ವಿಳಾಸದ ನೋಂದಣಿಗೂ ಬೀಗ ಹಾಕಿಸಬಹುದು, ಅವಧಿ ಮುಗಿದಾಗ ನವೀಕರಿಸಿಕೊಳ್ಳಬೇಕು. ಆದ್ದರಿಂದ ಶ್ರೀಮಂತರ ಪಟ್ಟಿಗಳಲ್ಲಿ ಅವರ ಹೆಸರಿನ ಮುಂದೆ ಕಾಣುವ ಮೊತ್ತದಲ್ಲಿ ಬಿಎಂಡಬ್ಲ್ಯು ಭಾಗವನ್ನು ಮಾತ್ರ ನಂಬಿ, ಅದನ್ನು ಆ ದಿನದ ಷೇರು ಬೆಲೆಯಿಂದ ನೀವೇ ಗುಣಿಸಿ ತಾಳೆ ನೋಡಬಹುದು. ಆಲ್ಟಾನಾ ಪೇಟೆಯಲ್ಲಿಲ್ಲದ ಕಂಪನಿ. ಅದಕ್ಕೆ ಹಾಕುವ ಬೆಲೆ, ಅಂಥದೇ ಬೇರೆ ರಾಸಾಯನಿಕ ಕಂಪನಿಗಳ ಬೆಲೆ ನೋಡಿ ಮಾಡಿದ ಊಹೆ.